ಹದಿಮೂರು ಜನರ ಲಿಫ್ಟು

ಮಾರ್ಚ್ 4, ಮಂಗಳವಾರ

ಎಡಗಡೆಯ ಲಿಫ್ಟಿನ ಬಾಗಿಲ ಪಕ್ಕ ಇವತ್ತು ಬೆಳಿಗ್ಗೆ ಹಿತ್ತಾಳೆಯ ಫಲಕ ಬಡಿದಿದ್ದಾರೆ. ‘ಹತ್ತು, ಹನ್ನೊಂದು ಮತ್ತು ಹನ್ನೆರಡನೇ ಮಹಡಿಗೆ ಮಾತ್ರ.’ ಕಾಗದ ಅಂಟಿಸಿದ್ದರೆ ಹರಿದು ಬಿಸಾಡುತ್ತಿದ್ದೆ. ಅದು ಗೊತ್ತಿದ್ದೇ ಹಿತ್ತಾಳೆ ಹಾಕಿದ್ದಾರೆ, ನಾಲ್ಕು ಮೂಲೆಗೂ ಸ್ಕ್ರೂ.

ಹತ್ತು, ಹನ್ನೊಂದು, ಹನ್ನೆರಡು ಎಂದರೆ ಯಾರು? ಒಬ್ಬನೇ. ಮೂರು ಮಹಡಿಯನ್ನೂ ಸಾರಾಸಗಟಾಗಿ ಕೊಂಡುಕೊಂಡಿರುವ ಮಹಾನುಭಾವ. ನಾನು ಅವನಿಗೆ ಮಾಳಿಗೆ ಮಹಾರಾಜ ಎಂದು ಹೆಸರಿಟ್ಟಿದ್ದೇನೆ. ಅವನು, ಅವನ ಹೆಂಡತಿ, ಒಂದು ನಾಯಿ. ಮೂರು ಜೀವಕ್ಕೆ ಮೂರು ಮಹಡಿ, ಈಗ ಅದರ ಮೇಲೊಂದು ಲಿಫ್ಟು. ಕೆಳಗಿನ ಒಂಬತ್ತು ಮಹಡಿಗಳ ಮೂವತ್ತಾರು ಮನೆಗೆ ಬಲಗಡೆಯ ಡಬ್ಬ ಲಿಫ್ಟೊಂದೇ ಗತಿ. ಅದು ವಾರದಲ್ಲಿ ಮೂರು ದಿನ ಕೆಟ್ಟು ಕೂತಿರುತ್ತದೆ.

ನಮ್ಮ ಬಸ್ ನೌಕರರ ಹಳೇ ಕ್ವಾರ್ಟರ್ಸ್ ಕೆಡವಿ ಈ ಕಟ್ಟಡ ಎಬ್ಬಿಸಿದಾಗ ಬಿಲ್ಡರ್ ಏನು ಹೇಳಿದ್ದ? ಜಾಗ ನಿಮ್ಮದು, ಕೆಳಗಿನ ಒಂಬತ್ತು ಮಹಡಿ ನಿಮ್ಮದು, ಎರಡು ಲಿಫ್ಟೂ ನಿಮ್ಮವೇ ಅಂದಿದ್ದ. ಆಗ ಅವನ ಬಾಯಲ್ಲಿ ಸಕ್ಕರೆ ಸುರಿಯುತ್ತಿತ್ತು.

ಇವತ್ತು ಬಲಗಡೆಯದು ಕೆಟ್ಟಿತ್ತು. ಇವತ್ತು ನಮ್ಮ ಯಜಮಾನರ ಡಯಾಲಿಸಿಸ್. ಇವರ ಎರಡೂ ಕಿಡ್ನಿ ಕೈಕೊಟ್ಟು ಎರಡು ವರ್ಷವಾಯಿತು. ಮಂಗಳ, ಗುರು, ಶನಿ ಆಸ್ಪತ್ರೆಗೆ ಹೋಗಿ ನಾಲ್ಕು ಗಂಟೆ ಯಂತ್ರಕ್ಕೆ ಮೈ ಒಡ್ಡಿ ರಕ್ತ ತೊಳೆಸಿಕೊಂಡು ಬರಬೇಕು, ಇಲ್ಲದಿದ್ದರೆ ಉಸಿರು ಕಟ್ಟುತ್ತದೆ. ಕಾಲಿನಲ್ಲಿ ಶಕ್ತಿ ಉಳಿದಿಲ್ಲ. ನಾವಿರುವುದು ಎಂಟನೇ ಮಹಡಿ, ನೂರ ನಲವತ್ತನಾಲ್ಕು ಮೆಟ್ಟಿಲು.

ಏಳನೇ ಮಹಡಿಯ ವೆಲ್ಡರೂ ಅವನ ಹೆಂಡತಿ ಟೈಲರಮ್ಮನೂ ಇವರನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ಇಳಿಸಿದರು. ಸಂಜೆ ಮತ್ತೆ ಹೊತ್ತು ಹತ್ತಿಸಿದರು. ಅವರ ಋಣ ಯಾವ ಜನ್ಮದಲ್ಲಿ ತೀರಿಸುತ್ತೇನೋ. ಇವರು ಕುರ್ಚಿಯಲ್ಲಿ ಕೂತು, "ತಿರುವು ಜೋರಿದೆ, ಎಡಕ್ಕೆ ತಗೊಳ್ಳಪ್ಪಾ," ಅಂತ ವೆಲ್ಡರಿಗೆ ದಾರಿ ಹೇಳುತ್ತಿದ್ದರು. ಡ್ರೈವರ್ ಬುದ್ಧಿ ಎಲ್ಲಿ ಹೋಗುತ್ತೆ.

ಪ್ರತಿ ಸ್ಟೇಜಿನಲ್ಲೂ ಎಷ್ಟು ಜನ ಹತ್ತಿದರು, ಎಷ್ಟು ಜನ ಇಳಿದರು ಅಂತ ಮೂವತ್ತು ವರ್ಷ ಬರೆದ ಕಂಡಕ್ಟರ್ ಕೈ ಇದು. ಬರೆಯದಿದ್ದರೆ ತುರಿಸುತ್ತದೆ. ಆದ್ದರಿಂದ ಇವತ್ತಿನ ಟ್ರಿಪ್: ಎಂಟನೇ ಮಹಡಿಯಿಂದ ನೆಲಕ್ಕೆ, ಮೆಟ್ಟಿಲ ಮೇಲೆ. ಕೂತವರು ಒಬ್ಬರು, ಹೊತ್ತವರು ಇಬ್ಬರು, ದಾರಿಯುದ್ದಕ್ಕೂ ಆ ಮಹಾರಾಜನನ್ನು ಬೈದವಳು ಒಬ್ಬಳು.

ಮಾರ್ಚ್ 5, ಬುಧವಾರ

ಮಹಾರಾಜನ ದರ್ಶನ ನಮ್ಮಂಥವರಿಗೆ ಸಿಗುವುದಿಲ್ಲ. ಅವನ ಮ್ಯಾನೇಜರ್ ಒಬ್ಬನಿದ್ದಾನೆ, ಮಾತಾಡಿದರೆ ಬೆಣ್ಣೆ. ಅವನನ್ನು ಕೆಳಗೆ ಹಿಡಿದು ನಿಲ್ಲಿಸಿದೆ.

"ಅಮ್ಮಾ, ನಿಮ್ಮ ಕಷ್ಟ ನಂಗೆ ಅರ್ಥ ಆಗುತ್ತೆ. ಆದ್ರೆ ಸಾಹೇಬ್ರು ಕೊಂಡುಕೊಂಡಾಗಲೇ ಒಪ್ಪಂದದಲ್ಲಿ ಬರೆದಿದೆ," ಅಂದ.

"ಯಾರು ಬರೆದಿದ್ದು?"

"ಬಿಲ್ಡರ್."

"ಯಾರು ಓದಿದ್ದು?"

"ಸಾಹೇಬ್ರು."

"ಅಂದ್ರೆ ನಮ್ಮ ಲಿಫ್ಟನ್ನ ಅವರಿಬ್ಬರೇ ಕೂತು ಹಂಚಿಕೊಂಡ್ರು. ನಾವೇನು ಗೋಡೆಗೆ ಬಳಿದ ಸುಣ್ಣನಾ?"

ಹಲ್ಲು ಬಿಟ್ಟ. ಅಷ್ಟರಲ್ಲಿ ಎಡಗಡೆ ಲಿಫ್ಟಿನ ಬಾಗಿಲು ತೆರೆಯಿತು. ಒಳಗೆ ಫಳಫಳ ಸ್ಟೀಲು, ಕನ್ನಡಿ, ಗೋಡೆಯ ಮೇಲೆ ‘ಹದಿಮೂರು ಜನರಿಗೆ’ ಎಂಬ ಬರಹ. ಒಳಗಿದ್ದದ್ದು ನಾಯಿ, ಅದರ ಹಗ್ಗ ಹಿಡಿದ ಒಬ್ಬ ಆಳು. ಬಲಗಡೆ ಲಿಫ್ಟಿನ ಮುಂದೆ ಹನ್ನೊಂದು ಜನ ಚೀಲ ಹಿಡಿದು ನಿಂತಿದ್ದರು. ನನ್ನ ಮೈಯೆಲ್ಲ ಉರಿದುಹೋಯಿತು.

ನಲವತ್ತೆಂಟು ಸೀಟಿನ ಗಾಡಿಯಲ್ಲಿ ತೊಂಬತ್ತು ಜನರನ್ನು ತುಂಬಿಸಿದವಳು ನಾನು. ಜಾಗ ಅನ್ನುವುದು ಇರುವುದಿಲ್ಲ, ಮಾಡಬೇಕು. ‘ಒಳಗೆ ನಡೀರಿ, ಒಳಗೆ ನಡೀರಿ’ ಅಂತ ಗಂಟಲು ಹರಿದುಕೊಂಡರೆ ಜಾಗ ತಾನಾಗೇ ಹುಟ್ಟುತ್ತದೆ. ಇಪ್ಪತ್ತೆರಡು ವರ್ಷ ಇವರು ಡ್ರೈವರ್, ನಾನು ಕಂಡಕ್ಟರ್, ಒಂದೇ ಗಾಡಿ. ನಾನು ‘ಹೋಲ್ಡಾನ್’ ಎಂದರೆ ಇವರ ಕಾಲು ಬ್ರೇಕಿನ ಮೇಲೆ. ‘ರೈಟ್’ ಎನ್ನುವ ತನಕ ಗಾಡಿ ಒಂದಿಂಚು ಕದಲುತ್ತಿರಲಿಲ್ಲ. ಸ್ಟಾಪಿನಲ್ಲಿ ಒಬ್ಬನೇ ಒಬ್ಬನನ್ನು ಬಿಟ್ಟು ‘ರೈಟ್’ ಎಂದವಳಲ್ಲ ನಾನು. ಇವನ್ಯಾವನು ನಾಯಿಗೆ ಹದಿಮೂರು ಜನರ ಜಾಗ ಕೊಡುವವನು?

ಅರ್ಜಿ ಹಾಕುತ್ತೇನೆ. ಬಿಡುವ ಮಾತೇ ಇಲ್ಲ.

ಮಾರ್ಚ್ 8, ಶನಿವಾರ

ಮೂವತ್ತಾರು ಮನೆ, ಮೂವತ್ತೊಂದು ಸಹಿ. ಎರಡು ದಿನ ಒಂದೊಂದು ಬಾಗಿಲೂ ಬಡಿದಿದ್ದೇನೆ. ಮೊದಲ ಸಹಿ ವೆಲ್ಡರನದು. ಕಿಡಿ ತಾಗಿ ಬೆರಳುಗಳೆಲ್ಲ ದಪ್ಪಗಾಗಿವೆ, ಪೆನ್ನು ಹಿಡಿಯುವುದೇ ಕಷ್ಟ. ಆದರೂ ಪೂರ್ತಿ ಹೆಸರು ಬರೆದ. "ಚಿಕ್ಕ ಸಹಿ ಹಾಕಿದ್ರೆ ಹೆದರಿಕೊಂಡು ಹಾಕಿದ ಅಂತಾರೆ ಅಕ್ಕಾ," ಅಂದ.

ಮೂರನೇ ಮಹಡಿಯ ರಿಟೈರ್ಡ್ ಗುಮಾಸ್ತ ಮಾತ್ರ ಬಾಗಿಲು ಅರ್ಧ ತೆರೆದು, "ನಂಗ್ಯಾಕಮ್ಮ ದೊಡ್ಡೋರ ಸಹವಾಸ?" ಅಂದ.

"ದೊಡ್ಡೋರೇನು ನಿಮ್ಮ ಸಹವಾಸಕ್ಕೆ ಬಾಯಿ ಬಿಟ್ಕೊಂಡು ಕೂತಿಲ್ಲ ಸ್ವಾಮಿ," ಅಂದು ಬಂದೆ. ಹೇಡಿ.

ನಿನ್ನೆ ನಗರಸಭೆಗೂ ಹೋಗಿ ಬಂದೆ. ಏಪ್ರಿಲ್ ಹತ್ತಕ್ಕೆ ವಿಚಾರಣೆ. ಜೆರಾಕ್ಸ್ ನಡೆಯುವುದಿಲ್ಲವಂತೆ, ಸಹಿ ಇರುವ ಮೂಲ ಹಾಳೆಯನ್ನೇ ಅಧಿಕಾರಿಯ ಮುಂದೆ ಇಡಬೇಕು. ಹಾಳೆಯನ್ನು ನನ್ನ ಹಳೇ ಕಂಡಕ್ಟರ್ ಚೀಲದಲ್ಲಿಟ್ಟಿದ್ದೇನೆ. ತೊಗಲು ಸವೆದರೂ ಕೊಂಡಿ ಗಟ್ಟಿಯಾಗಿದೆ.

"ಏನು ಕಂಡಕ್ಟ್ರೇ, ಮತ್ತೆ ಡ್ಯೂಟಿಗೆ ಹೊರಟ್ರಾ?" ಅಂತ ಇವರು ಕೇಳಿದರು.

"ಹೂಂ ರೀ, ಡಬಲ್ ಡ್ಯೂಟಿ," ಅಂದೆ. ತುಂಬ ದಿನದ ಮೇಲೆ ಇಬ್ಬರೂ ನಕ್ಕೆವು.

ಮಾರ್ಚ್ 11, ಮಂಗಳವಾರ

ಬಲಗಡೆಯದು ಮತ್ತೆ ಕೆಟ್ಟಿದೆ. ಮೆಟ್ಟಿಲ ಮೇಲೆ ಇಳಿಸುವಾಗ ನಾಲ್ಕನೇ ಮಹಡಿಯಲ್ಲಿ ವೆಲ್ಡರನ ಸೊಂಟ ಕಳಕ್ ಅಂದದ್ದು ನನಗೂ ಕೇಳಿಸಿತು. ಕುರ್ಚಿಯನ್ನು ಮಾತ್ರ ಬಿಡಲಿಲ್ಲ ಪುಣ್ಯಾತ್ಮ. ಮೆಲ್ಲಗೆ ನೆಲಕ್ಕಿಟ್ಟು, ಗೋಡೆ ಹಿಡಿದು ಕೂತು, "ಏನಿಲ್ಲ ಅಕ್ಕಾ, ಒಂದು ಬೋಲ್ಟ್ ಸಡಿಲ ಆಯ್ತು," ಅಂದ. ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು.

ಟೈಲರಮ್ಮ ನನ್ನನ್ನು ಏನೂ ಅನ್ನಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಮಾರ್ಚ್ 13, ಗುರುವಾರ

ಹೋಗಲಾಗಲಿಲ್ಲ. ಲಿಫ್ಟು ಇಲ್ಲ. ವೆಲ್ಡರು ಹಾಸಿಗೆ ಹಿಡಿದಿದ್ದಾನೆ. ಮಿಕ್ಕ ಗಂಡಸರೆಲ್ಲ ಕೆಲಸಕ್ಕೆ ಹೋಗಿದ್ದರು. ಹನ್ನೊಂದು ಗಂಟೆಯವರೆಗೆ ಕಾದೆವು, ಆಸ್ಪತ್ರೆಯಲ್ಲಿ ಇವರ ಸರದಿ ಹೋಯಿತು.

ಸಂಜೆಗೆ ಇವರ ಪಾದ ಊದಿಕೊಂಡಿದೆ, ಒತ್ತಿದರೆ ಗುಳಿ ಬೀಳುತ್ತದೆ. ಮಲಗಿದರೆ ಉಸಿರು ಸಿಗುವುದಿಲ್ಲ ಅಂತ ಕೂತೇ ಇದ್ದಾರೆ. ನಾನು ಎಡಗಡೆ ಲಿಫ್ಟಿನ ಗುಂಡಿಯನ್ನು ಹತ್ತು ಸಲ ಒತ್ತಿದೆ. ಅದು ನನ್ನ ಮುಂದೆಯೇ ನಿಲ್ಲದೆ ಮೇಲಕ್ಕೆ ಹೋಯಿತು, ಕೆಳಕ್ಕೆ ಬಂತು, ಮತ್ತೆ ಮೇಲಕ್ಕೆ ಹೋಯಿತು.

ಇವರಿಗೇನಾದರೂ ಆದರೆ ಆ ಮಹಾರಾಜನನ್ನು ಹನ್ನೆರಡನೇ ಮಹಡಿಯಿಂದ ಮೆಟ್ಟಿಲ ಮೇಲೆ ಎಳೆದು ತರುತ್ತೇನೆ. ಒಂದೊಂದು ಮೆಟ್ಟಿಲನ್ನೂ ಎಣಿಸುತ್ತ.

ಮಾರ್ಚ್ 14, ಶುಕ್ರವಾರ

ಬೆಳಿಗ್ಗೆ ಬೆಣ್ಣೆ ಮ್ಯಾನೇಜರ್ ಮನೆಗೇ ಬಂದ. ಕೈಯಲ್ಲೊಂದು ಕಾರ್ಡು, ಬಿಳಿ, ಏನೂ ಬರೆದಿಲ್ಲ.

"ಸಾಹೇಬ್ರಿಗೆ ವಿಷಯ ಗೊತ್ತಾಯ್ತು ಅಮ್ಮಾ. ತುಂಬ ನೊಂದುಕೊಂಡ್ರು. ಇದನ್ನ ತೋರಿಸಿದ್ರೆ ಎಡಗಡೆಯದು ನಿಮ್ಮ ಮಹಡೀಲೂ ನಿಲ್ಲುತ್ತೆ. ನಿಮಗೆ, ಯಜಮಾನರಿಗೆ, ಇಬ್ಬರಿಗೆ ಮಾತ್ರ."

"ಅರ್ಜಿ ವಾಪಸ್ ತಗೊಳ್ಳಲ್ಲ," ಅಂದೆ ನೇರವಾಗಿ.

"ಛೆ ಛೆ, ಅರ್ಜಿ ನಿಮ್ಮ ಹಕ್ಕು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ತಿಂಗಳಿಗೊಂದು ಸಲ ಕಾರ್ಡ್ ಹೊಸದು ಮಾಡಿಸಬೇಕು ಅಷ್ಟೆ. ಇದು ಏಪ್ರಿಲ್ ಹದಿನೈದರವರೆಗೆ ನಡೆಯುತ್ತೆ."

ಮುಖದ ಮೇಲೆ ಎಸೆಯಬೇಕು ಅನ್ನಿಸಿತು. ಒಳಗಿನಿಂದ ಇವರ ಉಸಿರಾಟ ಕೇಳುತ್ತಿತ್ತು, ಗೊರಗೊರ ಅಂತ. ತೆಗೆದುಕೊಂಡೆ. ಥ್ಯಾಂಕ್ಸ್ ಹೇಳಲಿಲ್ಲ. ನಮ್ಮ ಲಿಫ್ಟನ್ನು ನಮಗೇ ಕೊಟ್ಟರೆ ಥ್ಯಾಂಕ್ಸ್ ಏಕೆ ಹೇಳಬೇಕು?

ಕೂಡಲೇ ಆಸ್ಪತ್ರೆಗೆ ಓಡಿದೆವು. ಸರದಿ ಇಲ್ಲದಿದ್ದರೂ ಸೇರಿಸಿಕೊಂಡರು. ಬದುಕಿದರು.

ಮಾರ್ಚ್ 15, ಶನಿವಾರ

ನಿನ್ನೆಯ ಗಾಬರಿಯಲ್ಲಿ ಆ ಲಿಫ್ಟನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ. ಇವತ್ತು ನೋಡಿದೆ. ಹೊರಟದ್ದೂ ಗೊತ್ತಾಗುವುದಿಲ್ಲ, ನಿಂತದ್ದೂ ಗೊತ್ತಾಗುವುದಿಲ್ಲ. ಒಳಗೆ ಕೂರಲು ಮೆತ್ತನೆಯ ಬೆಂಚು, ಒಗೆದ ಬಟ್ಟೆಯ ಹಾಗೆ ಏನೋ ಹಗುರವಾದ ಪರಿಮಳ. ಬಲಗಡೆಯದರಲ್ಲಿ ಬೆವರು, ಕಸದ ಬುಟ್ಟಿ, ಯಾರೋ ಚೆಲ್ಲಿದ ಹಾಲು. ಇವರು ಬೆಂಚಿನ ಮೇಲೆ ಕೂತು, "ಡೀಲಕ್ಸ್ ಗಾಡಿ ಕಣೇ. ಇದಕ್ಕೆ ಕಂಡಕ್ಟರೇ ಬೇಕಿಲ್ಲ," ಅಂದರು.

ಕನ್ನಡಿಯಲ್ಲಿ ನನ್ನ ಮುಖ ಕಂಡಿತು. ತಲೆ ಬಾಚಿರಲಿಲ್ಲ. ಇನ್ನು ಮುಂದೆ ಬಾಚಿಕೊಂಡೇ ಹೋಗಬೇಕು. ಅವನೆದುರಿಗೆ ಭಿಕಾರಿಯ ಹಾಗೆ ಕಾಣಲು ನನಗಿಷ್ಟವಿಲ್ಲ.

ಮಾರ್ಚ್ 19, ಬುಧವಾರ

ನಿನ್ನೆ ವೆಲ್ಡರು ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡು ಡಾಕ್ಟರ ಹತ್ತಿರ ಹೋಗಿ ಬಂದಿದ್ದ. ಬಲಗಡೆ ಲಿಫ್ಟಿನ ಮುಂದೆ ಉದ್ದ ಸಾಲು. ನಾವು ಆಸ್ಪತ್ರೆಯಿಂದ ಬಂದದ್ದೂ ಅದೇ ಹೊತ್ತಿಗೆ. "ಬಾರಯ್ಯ ಒಳಗೆ," ಅಂತ ಅವನನ್ನು ಎಡಗಡೆಯದಕ್ಕೆ ಹತ್ತಿಸಿಕೊಂಡೆ, ನಮ್ಮ ಮಹಡಿಯಲ್ಲಿ ಇಳಿದು ಒಂದು ಮಹಡಿ ನಡೆದುಕೊಂಡು ಹೋದ. ಅದರಲ್ಲೇನು ತಪ್ಪು?

ಇವತ್ತು ಮ್ಯಾನೇಜರ್ ಫೋನು. "ಅಮ್ಮಾ, ನಿನ್ನೆ ಕ್ಯಾಮೆರಾದಲ್ಲಿ ಮೂರು ಜನ ಕಂಡ್ರು. ನಾನೇನೋ ಸುಮ್ಮನಿರ್ತೀನಿ. ಆದ್ರೆ ಸಾಹೇಬ್ರು ನೋಡಿದ್ರೆ ನಿಮ್ಮ ಕಾರ್ಡಿಗೇ ತೊಂದ್ರೆ. ಯಜಮಾನರ ಗತಿ ಯೋಚನೆ ಮಾಡಿ."

ಕಿವಿ ಬಿಸಿಯಾಯಿತು. ಮೂವತ್ತು ವರ್ಷದಲ್ಲಿ ಟಿಕೆಟ್ ಇಲ್ಲದ ಎಷ್ಟು ಜನರನ್ನು ಹಿಡಿದಿದ್ದೇನೆ, ಅವರ ಮುಖ ಹೇಗಾಗುತ್ತಿತ್ತು ಅಂತ ನನಗೆ ಗೊತ್ತು. ಇವತ್ತು ನನ್ನ ಮುಖ ಹಾಗಾಯಿತು.

ಮ್ಯಾನೇಜರನ ಮೇಲಿನ ಸಿಟ್ಟು ಸಂಜೆಯ ಹೊತ್ತಿಗೆ ವೆಲ್ಡರನ ಮೇಲೆ ತಿರುಗಿತು. ನಾನು ಬಾ ಅಂದೆ ನಿಜ. ಅವನಿಗೆ ಬುದ್ಧಿ ಬೇಡವೇ? ‘ಬೇಡಕ್ಕಾ, ನಿಮಗೆ ತೊಂದ್ರೆ ಆಗುತ್ತೆ’ ಅನ್ನಬಹುದಿತ್ತು.

ಮಾರ್ಚ್ 27, ಗುರುವಾರ

ಇವತ್ತು ಲಿಫ್ಟಿನಲ್ಲಿ ಸಾಕ್ಷಾತ್ ಮೇಲಿನವರೇ ಸಿಕ್ಕರು.

ನೆಲಮಹಡಿಯಲ್ಲಿ ನಾನು ಇವರನ್ನು ಬೆಂಚಿನ ಮೇಲೆ ಕೂರಿಸುತ್ತಿದ್ದೆ. ಬಾಗಿಲು ಮುಚ್ಚುವ ಹೊತ್ತಿಗೆ ಒಬ್ಬರು ಒಳಗೆ ಬಂದರು. ಸಾದಾ ಬಿಳಿ ಅಂಗಿ, ಬಂಗಾರ ಗಿಂಗಾರ ಏನಿಲ್ಲ. ನಾನೇನೋ ಡೊಳ್ಳುಹೊಟ್ಟೆಯವನು ಅಂತ ಕಲ್ಪಿಸಿಕೊಂಡಿದ್ದೆ. ತೆಳ್ಳಗಿದ್ದಾರೆ, ನಮ್ಮ ಇವರಷ್ಟೇ ವಯಸ್ಸು. ಮುಖಕ್ಕೆ ಉಗಿಯಬೇಕು ಅಂತ ಎಷ್ಟು ದಿನದಿಂದ ಮಾತು ಜೋಡಿಸಿಟ್ಟಿದ್ದೆ. ಅವರೇ ಬಗ್ಗಿ ಎಂಟನೇ ಮಹಡಿಯ ಗುಂಡಿ ಒತ್ತಿದರು. ನಮ್ಮ ಮಹಡಿ ಅವರಿಗೆ ಗೊತ್ತಿತ್ತು. "ಹೇಗಿದ್ದೀರಿ ಈಗ?" ಅಂತ ಇವರನ್ನು ಕೇಳಿದರು.

"ಹೀಗಿದ್ದೀನಿ," ಅಂದರು ಇವರು. ಅಷ್ಟೇ. ಒಂದು ನಮಸ್ಕಾರ ಇಲ್ಲ, ಏನಿಲ್ಲ. ನನಗೆ ನಾಚಿಕೆಯಾಯಿತು.

"ನಿಮ್ಮ ದಯದಿಂದ ಪರವಾಗಿಲ್ಲ ಸರ್," ಅಂತ ನಾನೇ ಹೇಳಿದೆ. ಬಾಯಿ ಎನ್ನುವುದು ಹಾಗೆ, ಹೊತ್ತಿಗೆ ತಕ್ಕ ಮಾತಾಡುತ್ತದೆ.

ಮನೆಗೆ ಬಂದ ಮೇಲೆ ಇವರು, "ಅರ್ಜಿ ಎಲ್ಲಿದೆ?" ಅಂತ ಕೇಳಿದರು.

"ಚೀಲದಲ್ಲಿದೆ. ಎಲ್ಲಿ ಹೋಗುತ್ತೆ?" ಅಂದೆ. ಕಾಯಿಲೆಯವರಿಗೆ ಎಲ್ಲದರಲ್ಲೂ ಅನುಮಾನ.

ಏಪ್ರಿಲ್ 2, ಬುಧವಾರ

ಟೈಲರಮ್ಮ ಬಂದಿದ್ದಳು. ಇವರ ಎರಡು ಅಂಗಿಯ ತೋಳನ್ನು ಡಯಾಲಿಸಿಸ್ ಸೂಜಿಗೆ ಅನುಕೂಲವಾಗುವ ಹಾಗೆ ಸೀಳಿ, ಗುಂಡಿ ಹಚ್ಚಿ ತಂದಿದ್ದಳು. ನಾನು ಹೇಳಿರಲಿಲ್ಲ. ಒಳ್ಳೆಯ ಕೈಕೆಲಸ, ಅದನ್ನು ಅಲ್ಲವೆನ್ನುವುದಿಲ್ಲ.

ಆಮೇಲೆ ಬಂತು ವಿಷಯ. "ಅಕ್ಕಾ, ನಮ್ಮೋರಿಗೆ ವಾರಕ್ಕೆರಡು ಸಲ ಸೊಂಟದ ಚಿಕಿತ್ಸೆಗೆ ಹೋಗಬೇಕು. ಮೆಟ್ಟಿಲು ಇಳಿಯೋ ಹಾಗೇ ಇಲ್ಲ ಅಂದಿದ್ದಾರೆ ಡಾಕ್ಟ್ರು. ಬಲಗಡೆಯದು ಕೆಟ್ಟಿದ್ದ ದಿನ ಮಾತ್ರ, ನಿಮ್ಮ ಕಾರ್ಡಲ್ಲಿ..."

"ಅದು ನಮ್ಮಿಬ್ಬರಿಗೆ ಮಾತ್ರಮ್ಮ. ಕ್ಯಾಮೆರಾ ಇದೆ. ನಿಯಮ ಅಂದ್ರೆ ನಿಯಮ," ಅಂದೆ.

ಅವಳು ಅಂಗಿಗಳನ್ನು ಮಡಿಸಿಟ್ಟಳು. "ಹತ್ತನೇ ತಾರೀಖಿಗೆ ಹೇಗೂ ವಿಚಾರಣೆ ಇದೆಯಲ್ಲ, ಆಮೇಲೆ ಎಲ್ಲರಿಗೂ ಸರಿಹೋಗುತ್ತೆ," ಅಂತ ಹೇಳಿ ಎದ್ದು ಹೋದಳು. ಆ ಮಾತಿನಲ್ಲಿ ಕೊಂಕಿತ್ತೋ ಇಲ್ಲವೋ ಗೊತ್ತಾಗಲಿಲ್ಲ. ಇದ್ದೇ ಇರುತ್ತದೆ.

ಒಳಗಿನಿಂದ ಇವರು, "ಅವನ ಸೊಂಟ ಮುರಿದಿದ್ದು ಯಾರನ್ನ ಹೊತ್ತು?" ಅಂದರು.

ನನಗೆ ರೇಗಿತು. "ನಾನೇನು ಹೊರು ಅಂತ ಕಾಲು ಹಿಡಿದಿದ್ನಾ? ನಿಮ್ಮ ಜೀವ ಉಳಿಸೋಕೆ ನಾನು ಒದ್ದಾಡ್ತಿದ್ರೆ ನೀವು ಊರವರ ಸೊಂಟ ನೋಡ್ಕೊಂಡು ಕೂತಿದ್ದೀರಾ," ಅಂದೆ.

ಏಪ್ರಿಲ್ 7, ಸೋಮವಾರ

ಈ ಕೆಳಗಿನವರ ಕಾಟ ಸಾಕಾಗಿದೆ. ನಾನು ಎಡಗಡೆ ಲಿಫ್ಟಿಗೆ ಕಾರ್ಡು ತೋರಿಸುವಾಗ ಬಲಗಡೆ ಸಾಲಿನಲ್ಲಿ ನಿಂತವರೆಲ್ಲ ಮಾತು ನಿಲ್ಲಿಸುತ್ತಾರೆ. ಬೆನ್ನಿಗೆ ಮುಳ್ಳು ಚುಚ್ಚಿದ ಹಾಗಾಗುತ್ತದೆ. ನಿನ್ನೆ ಯಾರೋ, "ಮಹಾರಾಣಿ ಹೊರಟ್ರು," ಅಂದರು, ಕಿಸಕ್ ಅಂತ ನಗು ಬೇರೆ. ಈ ಜನಕ್ಕೋಸ್ಕರವೇ ನಾನು ಬಾಗಿಲು ಬಡಿದು ಸಹಿ ಮಾಡಿಸಿದ್ದು? ಬಲಗಡೆಯದು ವಾರಕ್ಕೆ ಮೂರು ಸಲ ಏಕೆ ಕೆಡುತ್ತದೆ ಅಂತ ಈಗ ಅರ್ಥವಾಗುತ್ತಿದೆ. ಆರು ಜನರ ಲಿಫ್ಟಿಗೆ ಹತ್ತು ಜನ ನುಗ್ಗಿದರೆ ಕೆಡದೆ ಇನ್ನೇನು? ಮಿತಿ ಎನ್ನುವುದು ಗೊತ್ತಿರಬೇಕು.

ಪಾಪ ಆ ಮ್ಯಾನೇಜರ್ ಇವತ್ತು ಸಿಕ್ಕಿ, ಕಾರ್ಡು ಹೊಸದು ಮಾಡಿಸುವುದು ಹದಿನೈದಕ್ಕೆ ಅಂತ ನೆನಪಿಸಿದರು. "ಸಾಹೇಬ್ರು ನಿಮ್ಮ ವಿಷಯದಲ್ಲಿ ಒಳ್ಳೇ ಅಭಿಪ್ರಾಯ ಇಟ್ಕೊಂಡಿದ್ದಾರೆ," ಅಂದರು. ಅರ್ಜಿಯ ಮಾತೇ ಎತ್ತಲಿಲ್ಲ. ಮರ್ಯಾದಸ್ಥರು.

ಹತ್ತನೇ ತಾರೀಖು ಗುರುವಾರ, ಇವರ ಡಯಾಲಿಸಿಸ್ ದಿನ. ನಾನೊಬ್ಬಳು ಎಲ್ಲಿಗೆ ಅಂತ ಹೋಗಲಿ?

ಏಪ್ರಿಲ್ 9, ಬುಧವಾರ

ವೆಲ್ಡರು ಕೋಲೂರಿಕೊಂಡು ಒಂದು ಮಹಡಿ ಹತ್ತಿ ಬಂದಿದ್ದ. "ನಾಳೆ ನೀವು ಆಸ್ಪತ್ರೆಗೆ ಹೋಗಿ ಅಕ್ಕಾ, ನಗರಸಭೆಗೆ ನಾನೇ ಹೋಗ್ತೀನಿ. ಹಾಳೆ ಕೊಡಿ," ಅಂದ.

ಎಲ್ಲೋ ಇಟ್ಟಿದ್ದೇನೆ, ಸಿಗುತ್ತಿಲ್ಲ ಅಂದೆ. ಪೂರ್ತಿ ಸುಳ್ಳೇನಲ್ಲ. ಚೀಲವನ್ನು ಬೀರುವಿನ ಮೇಲಕ್ಕೆ ತಳ್ಳಿದ್ದೇನೆ, ಸ್ಟೂಲು ಹಾಕದೆ ಕೈಗೆ ಎಟುಕುವುದಿಲ್ಲ.

"ಹುಡುಕಿ ಅಕ್ಕಾ. ಮೂವತ್ತೊಂದು ಮನೆಯವರ ಸಹಿ ಅದು," ಅಂತ ಹೇಳಿ ಹೋದ. ನನಗೇ ಲೆಕ್ಕ ಹೇಳಿಕೊಡಲು ಬಂದಿದ್ದಾನೆ. ಇವರು ಹಾಸಿಗೆಯಿಂದ ಬೀರುವಿನ ಕಡೆ ನೋಡುತ್ತಿದ್ದರು.

ಏಪ್ರಿಲ್ 10, ಗುರುವಾರ

ಇವತ್ತು ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಾಳೆ ಯಾರೂ ನನ್ನ ಮೇಲೆ ಗೂಬೆ ಕೂರಿಸಬಾರದು.

ಆಸ್ಪತ್ರೆಯಿಂದ ಬಂದಾಗ ಒಂದು ಗಂಟೆ. ಬಲಗಡೆಯದು ಕೆಟ್ಟಿತ್ತು, ಮಾಮೂಲು. ಎಡಗಡೆಯದಕ್ಕೆ ಕಾರ್ಡು ತೋರಿಸಿ ಇವರಿಗೆ ಮೊನ್ನೆ ಬಾಡಿಗೆಗೆ ತಂದ ಗಾಲಿಕುರ್ಚಿಯನ್ನು ಒಳಗೆ ತಳ್ಳಿದೆ. ಅಷ್ಟರಲ್ಲಿ ವೆಲ್ಡರು, ಅವನ ತೋಳು ಹಿಡಿದುಕೊಂಡು ಟೈಲರಮ್ಮ, ಇಬ್ಬರೂ ನಗರಸಭೆಯಿಂದ ಬಂದರು. ಮೂಲ ಹಾಳೆ ಇಲ್ಲದ್ದಕ್ಕೆ ಅಧಿಕಾರಿ ವಿಚಾರಣೆಯನ್ನು ಮುಂದಿನ ಮಂಗಳವಾರಕ್ಕೆ ಹಾಕಿದ್ದಾರಂತೆ, ಅವತ್ತೂ ತರದಿದ್ದರೆ ಅರ್ಜಿ ವಜಾ ಅಂತೆ. ಇದನ್ನು ಅವಳು ದೂರದಿಂದಲೇ ಹೇಳುತ್ತ ಬಂದಳು. ಅವನ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಬಸ್ಸಿನಲ್ಲಿ ನಿಂತೇ ಬಂದಿರಬೇಕು. ಏಳು ಮಹಡಿ ಹತ್ತುವ ಸ್ಥಿತಿಯಲ್ಲಿರಲಿಲ್ಲ, ಅದು ನನಗೂ ಕಾಣುತ್ತಿತ್ತು.

"ಅಕ್ಕಾ, ಇವತ್ತೊಂದು ದಿನ," ಅಂದಳು.

ಮೇಲೆ ಕ್ಯಾಮೆರಾ. ಐದು ದಿನಕ್ಕೆ ಕಾರ್ಡಿನ ಅವಧಿ ಮುಗಿಯುತ್ತದೆ. ಡಯಾಲಿಸಿಸ್ ತಪ್ಪಿದ ದಿನ ಊದಿದ್ದ ಆ ಪಾದ ನನ್ನ ಕಣ್ಣಮುಂದೆ ಬಂತು. ನಾನೇನು ಮಾಡಬೇಕಿತ್ತು?

"ಜಾಗ ಇಲ್ಲಮ್ಮ," ಅಂದೆ. ಬಾಗಿಲು ಮುಚ್ಚುವ ಗುಂಡಿ ಒತ್ತಿದೆ.

ಆಗ ಇವರು "ಹೋಲ್ಡಾನ್" ಅಂದರು.

ಜೋರಾಗಿಯೇನಲ್ಲ. ಇಪ್ಪತ್ತೆರಡು ವರ್ಷದಲ್ಲಿ ಆ ಮಾತನ್ನು ಇವರು ಒಂದು ಸಲವೂ ಆಡಿದವರಲ್ಲ, ಅದು ನನ್ನ ಮಾತು. ನನ್ನ ಬೆರಳು ಗುಂಡಿಯ ಮೇಲೇ ಇತ್ತು. ಬಾಗಿಲು ಮುಚ್ಚಿಕೊಂಡಿತು. ಕೊನೆಯಲ್ಲಿ ಕಂಡದ್ದು ವೆಲ್ಡರನ ಮುಖ. ಸಿಟ್ಟೇನೂ ಇರಲಿಲ್ಲ. ನನಗೇನೋ ಆಗಿದೆಯೇನೋ ಎಂಬ ಹಾಗೆ, ಕಾಯಿಲೆಯವರನ್ನು ನೋಡುವ ಹಾಗೆ ನೋಡುತ್ತಿದ್ದ. ಅವನ ಕನಿಕರ ಯಾರಿಗೆ ಬೇಕು?

ಗಾಲಿಕುರ್ಚಿಗೂ ಜಾಗ ಬೇಕಲ್ಲ. ಅದನ್ನು ಯಾರೂ ಯೋಚಿಸುವುದಿಲ್ಲ.

ಏಪ್ರಿಲ್ 11, ಶುಕ್ರವಾರ

ಇವರು ಮಾತು ಬಿಟ್ಟಿದ್ದಾರೆ. ಊಟ ಕೊಟ್ಟರೆ ತಿನ್ನುತ್ತಾರೆ, ಮಾತ್ರೆ ಕೊಟ್ಟರೆ ನುಂಗುತ್ತಾರೆ. ಹಾಗೇ ಇರಲಿ. ನನಗೂ ಮಾತಿಲ್ಲದೆ ಬದುಕಲು ಬರುತ್ತದೆ.

ಏಪ್ರಿಲ್ 12, ಶನಿವಾರ

ಬೆಳಿಗ್ಗೆ ಆರಕ್ಕೆ ಎದ್ದು ಬಿಸಿನೀರು ಕಾಯಿಸಿ, ಸೀಳಿದ ತೋಳಿನ ಅಂಗಿ ಹಾಕಿಸಿ, ಗಾಲಿಕುರ್ಚಿಯನ್ನು ಲಿಫ್ಟಿನ ಹತ್ತಿರ ತಳ್ಳಿದೆ. ಕಾರ್ಡು ತೆಗೆದೆ.

"ಈ ಗಾಡಿ ನಂಗೆ ಬೇಡ," ಅಂದರು ಇವರು. ಎರಡು ದಿನದ ಮೇಲೆ ಬಿಚ್ಚಿದ ಬಾಯಲ್ಲಿ ಮೊದಲ ಮಾತು.

"ಇನ್ಯಾವ ಗಾಡಿ ಬರುತ್ತೆ ನಿಮಗೆ? ಬಲಗಡೆಯದು ಕೆಟ್ಟು ಮೂರು ದಿನ ಆಯ್ತು."

"ಬರುತ್ತೆ. ಕಾಯ್ತೀನಿ."

"ಸಾಯ್ತೀರ ರೀ. ಒಂದು ದಿನ ತಪ್ಪಿದ್ದಕ್ಕೆ ಏನಾಗಿತ್ತು ನೆನಪಿದೆಯಾ?" ಇವರು ಅಂಗಿಯ ಜೇಬಿನಿಂದ ಫೋನು ತೆಗೆದು, "ಬರ್ರಪ್ಪಾ, ರೆಡಿ ಇದ್ದೀನಿ," ಅಂದರು ಅಷ್ಟೇ. ನನಗೆ ಗೊತ್ತಿಲ್ಲದೆ ಎಲ್ಲ ಮಾತಾಡಿಕೊಂಡಿದ್ದಾರೆ.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಮುಂದೆ ಟೈಲರಮ್ಮ, ಹಿಂದೆ ಐದನೇ ಮಹಡಿಯ ಅಪ್ಪ ಮಗ, ಅವರ ಹಿಂದೆ, ನಂಬಿದರೆ ನಂಬಿ, ಆ ಮೂರನೇ ಮಹಡಿಯ ಗುಮಾಸ್ತ. ಕೊನೆಯಲ್ಲಿ ವೆಲ್ಡರು, ಸೊಂಟದ ಮೇಲೊಂದು ಕೈಯಿಟ್ಟುಕೊಂಡು. ಹೊರಲು ಆಗುವುದಿಲ್ಲ, ಆಸ್ಪತ್ರೆಯ ಫೈಲು ಹಿಡಿದುಕೊಳ್ಳಲು ಬಂದಿದ್ದ. ಒಬ್ಬರೂ ನನ್ನನ್ನು ಬೈಯಲಿಲ್ಲ. "ಸ್ವಲ್ಪ ಸರೀರಿ ಅಮ್ಮಾ," ಅಂತ ಗುಮಾಸ್ತ ಹೇಳಿದ. ಟೈಲರಮ್ಮ ನನ್ನನ್ನು ದಾಟಿ ನಮ್ಮ ಮನೆಯೊಳಗೆ ಹೋಗಿ ಹಳೇ ಕುರ್ಚಿ ತಂದಳು. ಅದು ಎಲ್ಲಿರುತ್ತದೆ ಅಂತ ಅವಳಿಗೆ ಗೊತ್ತು.

ಇವರನ್ನು ಅದರಲ್ಲಿ ಕೂರಿಸಿದರು. ಆಗ ನೋಡಿದೆ, ಹೊದ್ದುಕೊಂಡಿದ್ದ ಶಾಲಿನ ಕೆಳಗೆ ಇವರ ತೊಡೆಯ ಮೇಲೆ ನನ್ನ ಕಂಡಕ್ಟರ್ ಚೀಲ. ಬೀರುವಿನ ಮೇಲಿದ್ದದ್ದು. ನಾನು ನಿನ್ನೆ ಹಾಲು ತರಲು ಹೋದಾಗ ಸ್ಟೂಲು ಹತ್ತಿದರೋ, ಯಾರನ್ನಾದರೂ ಕರೆಸಿದರೋ, ದೇವರಿಗೇ ಗೊತ್ತು. ನಿಲ್ಲಲು ಆಗದ ಮನುಷ್ಯ. ಚೀಲದ ಕೊಂಡಿ ತೆಗೆದು ಮಡಿಸಿದ ಹಾಳೆಯನ್ನು ಟೈಲರಮ್ಮನ ಕೈಗೆ ಕೊಟ್ಟರು. ನನ್ನ ಚೀಲ, ನನ್ನನ್ನು ಒಂದು ಮಾತೂ ಕೇಳದೆ.

ನಾಲ್ಕು ಜನ ನಾಲ್ಕು ಕಾಲು ಹಿಡಿದು ಕುರ್ಚಿ ಎತ್ತಿದರು. ಯಾರೂ ಹೊರಡಲಿಲ್ಲ. ಇವರು ತಿರುಗಿ ನನ್ನ ಕಡೆ ನೋಡಿದರು. ಅದೇ ಹಳೇ ನೋಟ, ಗಾಡಿ ಎತ್ತುವ ಮುಂಚೆ ಕನ್ನಡಿಯಲ್ಲಿ ನೋಡುತ್ತಿದ್ದರಲ್ಲ, ನಾನು ಹೇಳುವ ತನಕ ಕಾಯುತ್ತಿದ್ದರಲ್ಲ, ಆ ನೋಟ. ನನಗೇಕೋ ಬಾಯಿ ಬರಲಿಲ್ಲ. ಕೈಯಲ್ಲಿ ಕಾರ್ಡು ಹಿಡಿದುಕೊಂಡು ನಿಂತಿದ್ದೆ.

"ರೈಟ್ ಅಣ್ಣಾ," ಅಂದಳು ಟೈಲರಮ್ಮ. ಹೊರಟರು. ತಿರುವಿನಲ್ಲಿ, "ಎಡಕ್ಕೆ, ಎಡಕ್ಕೆ ತಗೊಳ್ಳಿ," ಅಂತ ಇವರ ದನಿ ಕೇಳಿಸಿತು. ಯಾರೋ ನಕ್ಕರು. ಇವರೂ ನಕ್ಕರು.

ನಾನು ಮೆಟ್ಟಿಲಲ್ಲಿ ಅವರ ಹಿಂದೆ ಹೋಗುವುದೇ? ಮೊಣಕಾಲು ನೋವು ನನಗೂ ಇದೆ. ಎಡಗಡೆಯದಕ್ಕೆ ಕಾರ್ಡು ತೋರಿಸಿದೆ. ಕೆಳಗೆ ಹೋಗಿ ಇಪ್ಪತ್ತು ನಿಮಿಷ ಒಬ್ಬಳೇ ನಿಂತಿದ್ದೆ. ಅವರೆಲ್ಲ ಬೆವರು ಸುರಿಸುತ್ತ, ಮಾತಾಡುತ್ತ ಬಂದರು. ಆಟೋದಲ್ಲಿ ಇವರ ಒಂದು ಪಕ್ಕ ವೆಲ್ಡರು ಕೂತ, ಇನ್ನೊಂದು ಪಕ್ಕ ಟೈಲರಮ್ಮ ಕೂತಳು. ನನಗೆ ಜಾಗ ಮಾಡುತ್ತಾರೆ ಅಂದುಕೊಂಡಿದ್ದೆ. ಹಿಂದೆಯೇ ಬೇರೆ ಆಟೋ ಮಾಡಿಕೊಂಡು ಹೋದೆ.

ಇರಲಿ. ಬರೆಯುವುದನ್ನು ಬರೆದುಬಿಡುತ್ತೇನೆ. ಎಡಗಡೆ ಲಿಫ್ಟು, ಎಂಟನೇ ಮಹಡಿಯಿಂದ ನೆಲಕ್ಕೆ. ಹಿಡಿಸುವುದು ಹದಿಮೂರು ಜನ. ಹತ್ತಿದವರು ಒಬ್ಬರು. ದಾರಿಯಲ್ಲಿ ಕೈ ತೋರಿಸಿದವರು ಯಾರೂ ಇಲ್ಲ. ಸರಿಯಾದ ಸಮಯಕ್ಕೆ ಮುಟ್ಟಿತು.